ಎಸೆಯುವ ತೋಳಿನ ಲೆಕ್ಕ: ಬೇಸ್‌ಬಾಲ್ ಆಟಗಾರರ ಗಾಯಗಳು ಹುಟ್ಟುವ ಬಗೆ

ಕಾಸರಗೋಡಿನ ನಮ್ಮ ಶಾಲೆಗಳಲ್ಲಿ ಬೇಸ್‌ಬಾಲ್ ಅಥವಾ ಸಾಫ್ಟ್‌ಬಾಲ್ ಆಡುವ ಮಕ್ಕಳಲ್ಲಿ ಹೆಚ್ಚಿನವರು ಆ ಆಟವನ್ನೇ ಆಡುತ್ತ ಬೆಳೆದವರಲ್ಲ. ಕೊಯ್ಲು ಮುಗಿದ ಗದ್ದೆಯಲ್ಲಿ, ಶಾಲೆಯ ಮುರಮಣ್ಣಿನ ಮೈದಾನದಲ್ಲಿ ಕ್ರಿಕೆಟ್ ಆಡಿ ತೋಳು ಪಳಗಿದವರನ್ನು, ಬೌಂಡರಿಯಿಂದ ನೇರ ವಿಕೆಟ್ ಕೀಪರನ ಕೈಗೆ ಚೆಂಡು ಮುಟ್ಟಿಸಬಲ್ಲವರನ್ನು ದೈಹಿಕ ಶಿಕ್ಷಕರು ಗುರುತಿಸಿ, ಶಾಲಾ ಕ್ರೀಡಾಕೂಟದ ಹೊತ್ತಿಗೆ ತಂಡ ಕಟ್ಟುತ್ತಾರೆ. ಉಪಜಿಲ್ಲೆ, ಜಿಲ್ಲೆ, ರಾಜ್ಯ ಎಂದು ಹಂತ ಹಂತವಾಗಿ ಸಾಗುವ ಈ ಸ್ಪರ್ಧೆಗಳು ಹತ್ತಿರವಾದಾಗ ಅಭ್ಯಾಸವೂ ಕೆಲವೇ ವಾರಗಳಲ್ಲಿ ಒತ್ತೊತ್ತಾಗಿ ನಡೆಯುತ್ತದೆ. ಫಿಸಿಯೋಥೆರಪಿಯ ಕೆಲಸದಲ್ಲಿ ಇಂಥ ಮಕ್ಕಳ ಮೊಣಕೈಯನ್ನೂ ಭುಜವನ್ನೂ ನೋಡುತ್ತಿರುವ ನನಗೆ, ಈ ಆಟದ ಗಾಯಗಳ ಸ್ವರೂಪ ಹೆತ್ತವರಿಗೂ ಶಿಕ್ಷಕರಿಗೂ ತಿಳಿದಿರಬೇಕು ಎಂದು ಬಲವಾಗಿ ಅನ್ನಿಸುತ್ತದೆ. ಗಾಯ ಎಂದೊಡನೆ ಚೆಂಡು ಬಡಿದು ಮೂಗಿನಿಂದ ರಕ್ತ ಬರುವುದು, ಜಾರಿ ಬಿದ್ದು ಚರ್ಮ ಸುಲಿಯುವುದು ನೆನಪಿಗೆ ಬರುತ್ತದೆ. ಅವೂ ಇವೆ, ಆದರೆ ಆಟಗಾರನಿಗೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಆಟ ತಪ್ಪಿಸುವ ಗಾಯಗಳು ಬೀಳುವುದರಿಂದ ಆಗುವಂಥವಲ್ಲ. ಅವು ಒಂದೊಂದೇ ಎಸೆತದಲ್ಲಿ, ಯಾರ ಕಣ್ಣಿಗೂ ಕಾಣದಂತೆ ಜಮೆಯಾಗುತ್ತ ಬರುತ್ತವೆ.

ಎಸೆತ ಎಂದರೆ ದೇಹಕ್ಕೆ ಏನು ಎಂಬುದನ್ನು ಮೊದಲು ನೋಡೋಣ. ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವನು, ನಿಲ್ಲುವ ದಿಬ್ಬದಿಂದ ಬ್ಯಾಟರ್ ಎದುರಿನ ಹೋಮ್ ಪ್ಲೇಟ್ ಎಂಬ ನೆಲದ ಗುರುತಿನವರೆಗಿನ ದೂರ 18.44 ಮೀಟರ್. ಚೆಂಡಿನ ತೂಕ 142ರಿಂದ 149 ಗ್ರಾಂ, ಅಂದರೆ ಕ್ರಿಕೆಟ್ ಚೆಂಡಿಗಿಂತ ಸ್ವಲ್ಪ ಹಗುರ. ಪಿಚರ್ ಒಂದು ಕಾಲನ್ನು ಎತ್ತಿ, ಮುಂದಕ್ಕೆ ನೀಳವಾಗಿ ಹೆಜ್ಜೆಯಿಟ್ಟು, ಸೊಂಟವನ್ನು ತಿರುಗಿಸಿ, ಅದರ ಹಿಂದೆಯೇ ಎದೆಯನ್ನು ತಿರುಗಿಸುತ್ತಾನೆ. ಆಗ ಮೊಣಕೈ ಮಡಚಿದ ತೋಳು ಹಿಂದೆ ಉಳಿದು, ಮುಂಗೈ ಬೆನ್ನಿನ ಕಡೆಗೆ ಬಹುತೇಕ ಮಲಗಿಬಿಡುತ್ತದೆ. ಮರುಕ್ಷಣ ಅದೇ ತೋಳು ಮುಂದಕ್ಕೆ ತಿರುಗುತ್ತದೆ. ಮುಂಗಾಲು ನೆಲಕ್ಕೆ ಊರಿದಾಗಿನಿಂದ ಚೆಂಡು ಕೈಬಿಡುವವರೆಗೆ ಹಿಡಿಯುವ ಸಮಯ ಸುಮಾರು 0.15 ಸೆಕೆಂಡ್ ಮಾತ್ರ. ಈ ಅವಧಿಯಲ್ಲಿ ನುರಿತ ಪಿಚರನ ತೋಳು ಭುಜದ ಕೀಲಿನಲ್ಲಿ ತಿರುಗುವ ವೇಗ ಸೆಕೆಂಡಿಗೆ ಸುಮಾರು 7,000 ಡಿಗ್ರಿ. ಮನುಷ್ಯದೇಹದಲ್ಲಿ ಅಳೆಯಲಾದ ಅತ್ಯಂತ ವೇಗದ ಚಲನೆಗಳಲ್ಲಿ ಇದೂ ಒಂದು.

ಈ ತಿರುವಿನ ಭಾರ ಹೆಚ್ಚಾಗಿ ಬೀಳುವುದು ಮೊಣಕೈಯ ಒಳಬದಿಯ ಮೇಲೆ. ಅಂಗೈ ಮೇಲೆ ಮಾಡಿ ಕೈ ಚಾಚಿದರೆ ಮೊಣಕೈಯ ಒಳಬದಿಯಲ್ಲಿ, ದೇಹದ ಕಡೆಗೆ ಒಂದು ಮೂಳೆಯ ಉಬ್ಬು ಬೆರಳಿಗೆ ಸಿಗುತ್ತದೆ. ಅಲ್ಲಿಂದ ಮುಂಗೈಯ ಮೂಳೆಗೆ ಬಿಗಿದ, ಕೆಲವೇ ಮಿಲಿಮೀಟರ್ ಅಗಲದ ಪಟ್ಟಿಯಂಥ ಲಿಗಮೆಂಟ್ ಒಂದಿದೆ. ಎಸೆಯುವಾಗ ಮೊಣಕೈ ಒಳಬದಿಗೆ ಬಾಯಿಬಿಡದಂತೆ ಹಿಡಿದಿಡುವುದು ಮುಖ್ಯವಾಗಿ ಇದೇ. ವೃತ್ತಿಪರ ಮಟ್ಟದ ವೇಗದ ಎಸೆತವೊಂದರಲ್ಲಿ ಮೊಣಕೈಯ ಮೇಲೆ ಬೀಳುವ ತಿರುಚುಬಲವನ್ನು ಸುಮಾರು 64 ನ್ಯೂಟನ್ ಮೀಟರ್ ಎಂದು ಪ್ರಯೋಗಾಲಯದಲ್ಲಿ ಅಳೆಯಲಾಗಿದೆ. ಮೃತದೇಹಗಳ ಮೇಲಿನ ಪರೀಕ್ಷೆಗಳಲ್ಲಿ ಈ ಲಿಗಮೆಂಟ್ ಒಂದೇ ಆಗಿ ತಾಳಿಕೊಂಡದ್ದು ಅದರ ಅರ್ಧದಷ್ಟು. ಉಳಿದ ಹೊರೆಯನ್ನು ಮುಂಗೈಯ ಸ್ನಾಯುಗಳೂ ಮೂಳೆಗಳ ಹೊಂದಿಕೆಯೂ ಹಂಚಿಕೊಳ್ಳುವುದರಿಂದಲೇ ಮೊಣಕೈ ಉಳಿಯುತ್ತದೆ. ಸ್ನಾಯುಗಳು ದಣಿದಾಗ ಅವುಗಳ ಪಾಲೂ ಲಿಗಮೆಂಟಿನ ಮೇಲೆಯೇ ಬೀಳುತ್ತದೆ. ಬಾವಿಯ ಹಗ್ಗ ರಾಟೆಯ ಮೇಲೆ ದಿನವೂ ಸವೆದು, ಎಳೆಎಳೆಯಾಗಿ ಬಿಟ್ಟುಕೊಂಡು, ಕೊನೆಗೆ ಮಾಮೂಲಿ ಕೊಡಪಾನವೊಂದನ್ನು ಎಳೆಯುವಾಗ ತುಂಡಾಗುವಂತೆಯೇ ಇದೂ ಹರಿಯುತ್ತದೆ. 'ಆ ಒಂದು ಎಸೆತದಲ್ಲಿ ಟಪ್ ಅಂತ ಶಬ್ದವಾಯಿತು' ಎಂದು ಆಟಗಾರ ಹೇಳುತ್ತಾನೆ. ಹರಿದದ್ದು ಆ ಎಸೆತದಲ್ಲಿ ನಿಜ. ಸವೆದದ್ದು ಅದಕ್ಕೂ ಹಿಂದಿನ ಸಾವಿರಾರು ಎಸೆತಗಳಲ್ಲಿ.

ಕ್ರಿಕೆಟ್ ಬಲ್ಲ ನಮ್ಮವರಿಗೆ ಇಲ್ಲೊಂದು ಪ್ರಶ್ನೆ ಏಳುವುದು ಸಹಜ. ವೇಗದ ಬೌಲರನೂ ಗಂಟೆಗಟ್ಟಲೆ ಬೌಲ್ ಮಾಡುತ್ತಾನೆ, ಅವನಿಗೆ ಈ ಗಾಯ ಏಕೆ ಅಪರೂಪ? ಬೌಲಿಂಗ್‌ನಲ್ಲಿ ಮೊಣಕೈಯನ್ನು 15 ಡಿಗ್ರಿಗಿಂತ ಹೆಚ್ಚು ಬಿಡಿಸುವುದನ್ನು ನಿಯಮವೇ ತಡೆಯುತ್ತದೆ. ಹೆಚ್ಚುಕಡಿಮೆ ನೇರವಾದ ತೋಳು ಭುಜದ ಸುತ್ತ ಸುತ್ತಿ ಬರುವುದರಿಂದ ಮೊಣಕೈಯ ಒಳಬದಿಗೆ ಅಂಥ ಸೆಳೆತ ಬರುವುದಿಲ್ಲ. ವೇಗದ ಬೌಲರನ ಹೊರೆ ಬೀಳುವುದು ಬೆನ್ನಿನ ಕೆಳಭಾಗದ ಮೇಲೆ, ಎಳೆಯ ಬೌಲರುಗಳ ಸೊಂಟದ ಬೆನ್ನೆಲುಬಿನಲ್ಲಿ ಸಣ್ಣ ಬಿರುಕು ಕಾಣಿಸಿಕೊಳ್ಳುವುದು ಅದಕ್ಕೇ. ಆದರೆ ಅದೇ ಹುಡುಗ ಬೌಂಡರಿಯಿಂದ ಚೆಂಡು ಎಸೆದಾಗ ಅವನ ಮೊಣಕೈ ಪಿಚರನ ಮೊಣಕೈಯಂತೆಯೇ ಮಡಚಿ ಬಿಚ್ಚುತ್ತದೆ. ಹೀಗಾಗಿ ಭಾನುವಾರದ ಕ್ರಿಕೆಟ್ ಟೂರ್ನಮೆಂಟಿನಲ್ಲಿ ದಿನವಿಡೀ ಫೀಲ್ಡಿಂಗ್ ಮಾಡಿದವನು ಸೋಮವಾರ ಪಿಚಿಂಗ್ ಅಭ್ಯಾಸಕ್ಕೆ ಬಂದರೆ, ಅವನ ತೋಳಿನ ಮಟ್ಟಿಗೆ ಅದು ಹೊಸ ದಿನವಲ್ಲ.

ಹರಿದ ಲಿಗಮೆಂಟಿಗೆ ಶಸ್ತ್ರಚಿಕಿತ್ಸೆ ಬಂದ ಕಥೆ ಬೇಸ್‌ಬಾಲ್ ಚರಿತ್ರೆಯ ಭಾಗವೇ ಆಗಿದೆ. 1974ರ ಜುಲೈಯಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಎಡಗೈ ಪಿಚರ್ ಟಾಮಿ ಜಾನ್ ಅವರ ಮೊಣಕೈಯ ಈ ಲಿಗಮೆಂಟ್ ಪಂದ್ಯದ ನಡುವೆ ಹರಿಯಿತು. ಅಲ್ಲಿಯವರೆಗೆ ಇಂಥ ಗಾಯವೆಂದರೆ ವೃತ್ತಿಯ ಮುಕ್ತಾಯವೇ. ಅದೇ ವರ್ಷ ಸೆಪ್ಟೆಂಬರ್ 25ರಂದು ವೈದ್ಯ ಫ್ರಾಂಕ್ ಜೋಬ್, ಟಾಮಿ ಜಾನ್ ಅವರದೇ ಬಲ ಮುಂಗೈಯಿಂದ ಒಂದು ಸ್ನಾಯುರಜ್ಜುವನ್ನು ತೆಗೆದು, ಎಡ ಮೊಣಕೈಯ ಮೂಳೆಗಳಲ್ಲಿ ರಂಧ್ರ ಕೊರೆದು, ಹರಿದ ಲಿಗಮೆಂಟಿನ ಜಾಗದಲ್ಲಿ ಹೆಣೆದು ಕಟ್ಟಿದರು. ಮತ್ತೆ ಆಡುವ ಸಾಧ್ಯತೆ ನೂರರಲ್ಲಿ ಒಂದು ಎಂದು ಜೋಬ್ ಅಂದಾಜಿಸಿದ್ದರು. 1975ರ ಋತುವನ್ನು ಪೂರ್ತಿಯಾಗಿ ಬಿಟ್ಟ ಟಾಮಿ ಜಾನ್ 1976ರಲ್ಲಿ ಮರಳಿ, 1989ರವರೆಗೆ ಆಡಿದರು. ಅವರ ಒಟ್ಟು 288 ಗೆಲುವುಗಳಲ್ಲಿ 164 ಬಂದದ್ದು ಶಸ್ತ್ರಚಿಕಿತ್ಸೆಯ ನಂತರ. ಇಂದಿಗೂ ಆ ಶಸ್ತ್ರಚಿಕಿತ್ಸೆಯನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ.

ಜೋಬ್ ಬಳಸಿದ ಆ ಸ್ನಾಯುರಜ್ಜುವನ್ನು ಓದುಗರು ತಮ್ಮ ಕೈಯಲ್ಲೇ ನೋಡಬಹುದು. ಹೆಬ್ಬೆರಳಿನ ತುದಿಗೆ ಕಿರುಬೆರಳಿನ ತುದಿಯನ್ನು ಮುಟ್ಟಿಸಿ, ಮಣಿಕಟ್ಟನ್ನು ಸ್ವಲ್ಪ ಒಳಕ್ಕೆ ಬಾಗಿಸಿದರೆ, ಮಣಿಕಟ್ಟಿನ ನಡುವೆ ತಂತಿಯಂತೆ ಎದ್ದು ಕಾಣುವುದೇ ಅದು. ಸರಿಸುಮಾರು ಏಳು ಜನರಲ್ಲಿ ಒಬ್ಬರಿಗೆ ಅದು ಹುಟ್ಟಿನಿಂದಲೇ ಇರುವುದಿಲ್ಲ, ಇಲ್ಲದಿದ್ದರೂ ಕೈಯ ಶಕ್ತಿಗೆ ಹೇಳುವಂಥ ಕೊರತೆಯಾಗುವುದಿಲ್ಲ; ಅದನ್ನು ಎರವಲು ತೆಗೆಯಲು ವೈದ್ಯರು ಧೈರ್ಯಮಾಡುವುದೂ ಈ ಕಾರಣಕ್ಕೆ. ಈ ಯಶಸ್ಸಿನಿಂದ ಒಂದು ತಪ್ಪು ನಂಬಿಕೆಯೂ ಹುಟ್ಟಿದೆ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೆ ತೋಳು ಮೊದಲಿಗಿಂತ ಗಟ್ಟಿಯಾಗಿ ಹೆಚ್ಚು ವೇಗದಲ್ಲಿ ಎಸೆಯಬಹುದೆಂದು ನಂಬಿದ ಆಟಗಾರರೂ ಹೆತ್ತವರೂ ಅಮೆರಿಕದಲ್ಲಿ ಕಡಿಮೆಯಿಲ್ಲ. ಹಾಗೆ ಆಗುವುದಿಲ್ಲ. ಪಂದ್ಯಕ್ಕೆ ಮರಳಲು ಹನ್ನೆರಡರಿಂದ ಹದಿನೆಂಟು ತಿಂಗಳು ಬೇಕಾಗುತ್ತದೆ, ಎಲ್ಲರೂ ಹಿಂದಿನ ಮಟ್ಟಕ್ಕೆ ಮರಳುವುದಿಲ್ಲ, ಮರಳಿದವರಿಗೂ ಮತ್ತೆ ಹರಿಯಬಹುದು. ಬ್ಯಾಟಿಂಗ್, ಪಿಚಿಂಗ್ ಎರಡರಲ್ಲೂ ಹೆಸರಾದ ಶೋಹೆ ಒಟಾನಿಯ ಅದೇ ಮೊಣಕೈಗೆ 2018ರಲ್ಲಿ ಒಮ್ಮೆ, 2023ರಲ್ಲಿ ಮತ್ತೊಮ್ಮೆ ಶಸ್ತ್ರಚಿಕಿತ್ಸೆಯಾಗಿದೆ.

ನಮ್ಮ ಊರಿನ ಮಟ್ಟಿಗೆ ಇದಕ್ಕಿಂತ ಮುಖ್ಯವಾದುದು ಮಕ್ಕಳ ಮೊಣಕೈ. ಬೆಳೆಯುವ ಮಗುವಿನ ಮೂಳೆಗಳ ತುದಿಯಲ್ಲಿ ಇನ್ನೂ ಮೂಳೆಯಾಗಿ ಗಟ್ಟಿಗೊಳ್ಳದ, ಮೃದ್ವಸ್ಥಿಯ ಬೆಳವಣಿಗೆ ಪದರವಿರುತ್ತದೆ. ಆ ವಯಸ್ಸಿನಲ್ಲಿ ಅದು ಲಿಗಮೆಂಟಿಗಿಂತ ದುರ್ಬಲ. ದೊಡ್ಡವರಲ್ಲಿ ಲಿಗಮೆಂಟ್ ಹರಿಯುವಂಥ ಹೊರೆ ಮಕ್ಕಳಲ್ಲಿ ಈ ಪದರವನ್ನು ಎಳೆದೆಳೆದು ಅಗಲಿಸುತ್ತದೆ, ಕೆಲವೊಮ್ಮೆ ಮೂಳೆಯ ಚೂರನ್ನೇ ಕಿತ್ತುಕೊಂಡು ಬರುತ್ತದೆ. ಮಕ್ಕಳ ಲೀಗುಗಳ ಹೆಸರಿನಿಂದ 'ಲಿಟಲ್ ಲೀಗ್ ಮೊಣಕೈ' ಎಂದು ಇದನ್ನು ವೈದ್ಯಕೀಯದಲ್ಲಿ 1960ರಿಂದ ಕರೆಯುತ್ತ ಬಂದಿದ್ದಾರೆ. ಬದಿಯಡ್ಕದ ಕಡೆಯ ಎಂಟನೇ ತರಗತಿಯ ಹುಡುಗನೊಬ್ಬನನ್ನು ಅವನ ತಾಯಿ ಕರೆತಂದದ್ದು ಮೊಣಕೈ ನೋವೆಂದಲ್ಲ. "ಇವ ಊಟಕ್ಕೆ ಕೂತರೆ ಈಗೀಗ ಎಡಗೈಯಲ್ಲಿ ನೀರಿನ ಲೋಟ ಹಿಡಿಯುತ್ತಾನೆ ಸರ್, ಬಲಗೈ ಪೂರ್ತಿ ಬಿಡಿಸುವುದೇ ಇಲ್ಲ" ಎಂದರು. ಎರಡೂ ಕೈಗಳನ್ನು ಮುಂದೆ ಚಾಚಲು ಹೇಳಿದಾಗ ಬಲ ಮೊಣಕೈ ತುಸು ಮಡಚಿಯೇ ಉಳಿಯಿತು. ಒಳಬದಿಯ ಉಬ್ಬನ್ನು ಹೆಬ್ಬೆರಳಿನಿಂದ ಮೆಲ್ಲನೆ ಒತ್ತಿದೊಡನೆ ಅವನು ಕೈ ಹಿಂದೆಳೆದುಕೊಂಡ. ಎರಡೂ ಮೊಣಕೈಗಳ ಎಕ್ಸ್‌ರೇಯನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಬಲಬದಿಯ ಬೆಳವಣಿಗೆ ಪದರ ಎಡಬದಿಗಿಂತ ಅಗಲವಾಗಿ ಕಂಡಿತು. ನೋವಿದೆ ಎಂದರೆ ತಂಡದಿಂದ ಬಿಡುತ್ತಾರೆಂದು ಅವನು ವಾರಗಟ್ಟಲೆ ಬಾಯಿ ಬಿಟ್ಟಿರಲಿಲ್ಲ. ಇಂಥ ಮಕ್ಕಳಿಗೆ ಬಹುಪಾಲು ಶಸ್ತ್ರಚಿಕಿತ್ಸೆ ಬೇಡ, ಎಸೆತಕ್ಕೆ ಪೂರ್ಣ ವಿರಾಮ ಕೊಟ್ಟರೆ ಗುಣವಾಗುತ್ತದೆ. ಆದರೆ ಮೊಣಕೈಯ ಹೊರಬದಿಯಲ್ಲಿ ನೋವು, ಕೈ ನಡುವೆ ಸಿಕ್ಕಿಹಾಕಿಕೊಂಡಂತೆ ನಿಲ್ಲುವುದು, ಒಳಗೆ ಕಟಕಟ ಶಬ್ದ ಇವು ಬೇರೆಯೇ ಸಂಗತಿ: ಅಲ್ಲಿ ಕೀಲಿನ ಮೇಲ್ಮೈಯ ಮೃದ್ವಸ್ಥಿಯೂ ಅದರಡಿಯ ಮೂಳೆಯೂ ಸಡಿಲಗೊಂಡಿರಬಹುದು, ತಡಮಾಡದೆ ಮೂಳೆ ವೈದ್ಯರಿಗೆ ತೋರಿಸಬೇಕು. ಉಂಗುರಬೆರಳು, ಕಿರುಬೆರಳುಗಳು ಜೋಮು ಹಿಡಿಯುವುದು ಮೊಣಕೈಯ ಒಳಬದಿಯಲ್ಲಿ ಹಾದುಹೋಗುವ ನರ ಎಳೆಯಲ್ಪಡುತ್ತಿರುವುದರ ಸೂಚನೆ.

ಎಷ್ಟು ಎಸೆತ ಹೆಚ್ಚು ಎಂಬುದಕ್ಕೆ ಒಂದು ಮಟ್ಟಿನ ಉತ್ತರವಿದೆ. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ಮತ್ತು ಯುಎಸ್‌ಎ ಬೇಸ್‌ಬಾಲ್ ಸೇರಿ 2014ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ಹನ್ನೊಂದು ಹನ್ನೆರಡರ ಮಕ್ಕಳು ದಿನಕ್ಕೆ 85 ಪಿಚ್‌ಗಳನ್ನೂ (ಬ್ಯಾಟರ್‌ಗೆ ಪಿಚರ್ ಹಾಕುವ ಎಸೆತವೇ ಪಿಚ್) ಹದಿಮೂರರಿಂದ ಹದಿನಾರರವರು 95 ಪಿಚ್‌ಗಳನ್ನೂ ಮೀರಬಾರದು. ಹದಿನಾಲ್ಕರ ಒಳಗಿನವರು 66 ಅಥವಾ ಹೆಚ್ಚು ಪಿಚ್ ಮಾಡಿದರೆ ಮುಂದಿನ ನಾಲ್ಕು ದಿನ ಪಿಚಿಂಗ್ ಇಲ್ಲ. ವರ್ಷದಲ್ಲಿ ಕನಿಷ್ಠ ನಾಲ್ಕು ತಿಂಗಳು ಭುಜದ ಮೇಲಿಂದ ಎಸೆಯುವ ಯಾವ ಆಟವೂ ಬೇಡ ಎಂದೂ ಅದು ಹೇಳುತ್ತದೆ. ಅಲಬಾಮದ ಅಮೆರಿಕನ್ ಸ್ಪೋರ್ಟ್ಸ್ ಮೆಡಿಸಿನ್ ಇನ್‌ಸ್ಟಿಟ್ಯೂಟ್‌ನ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನ, ಶಸ್ತ್ರಚಿಕಿತ್ಸೆಗೆ ಒಳಗಾದ ಹದಿಹರೆಯದ ಪಿಚರುಗಳನ್ನು ಗಾಯವಿಲ್ಲದವರ ಜೊತೆ ಹೋಲಿಸಿತು. ವರ್ಷಕ್ಕೆ ಎಂಟು ತಿಂಗಳಿಗಿಂತ ಹೆಚ್ಚು ಪಂದ್ಯವಾಡುವವರಲ್ಲಿ ಅಪಾಯ ಐದು ಪಟ್ಟು, ತೋಳು ದಣಿದಿದ್ದರೂ ಆಗಾಗ ಎಸೆಯುವವರಲ್ಲಿ 36 ಪಟ್ಟು ಕಂಡುಬಂತು. ಈ ಎರಡನೆಯ ಸಂಖ್ಯೆಯನ್ನು ಪ್ರತಿಯೊಬ್ಬ ತರಬೇತುದಾರರೂ ನೆನಪಿಟ್ಟುಕೊಳ್ಳಬೇಕೆಂಬುದು ನನ್ನ ಬಯಕೆ. ಚೆಂಡನ್ನು ತಿರುಗಿಸುವ ಕರ್ವ್ ಎಸೆತದಿಂದಲೇ ಮೊಣಕೈ ಕೆಡುತ್ತದೆ ಎಂಬ ಹಳೆಯ ನಂಬಿಕೆಗೆ ಸಿಕ್ಕ ಆಧಾರ ಇದರಷ್ಟು ಗಟ್ಟಿಯಿಲ್ಲ. ಪ್ರಯೋಗಾಲಯದ ಅಳತೆಗಳಲ್ಲಿ ನೇರವಾದ ವೇಗದ ಎಸೆತವೇ ಮೊಣಕೈಗೆ ಅಷ್ಟೇ ಅಥವಾ ಹೆಚ್ಚಿನ ಹೊರೆ ಹೊರಿಸಿದೆ.

ಜಪಾನಿನ ಅನುಭವವೂ ಇಲ್ಲಿ ಪ್ರಸ್ತುತ. ಅಲ್ಲಿನ ಪ್ರೌಢಶಾಲೆಗಳ ಕೋಶಿಯೆನ್ ಪಂದ್ಯಾವಳಿಯಲ್ಲಿ ಒಬ್ಬನೇ ಪಿಚರ್ ತಂಡವನ್ನು ಹೊತ್ತು ಸಾಗುವುದು ಬಹುಕಾಲ ಶೌರ್ಯವೆನಿಸಿಕೊಂಡಿತ್ತು. 1998ರಲ್ಲಿ ಡೈಸುಕೆ ಮತ್ಸುಜಾಕ 17 ಇನ್ನಿಂಗ್ಸ್‌ಗಳ ಒಂದೇ ಪಂದ್ಯದಲ್ಲಿ 250 ಪಿಚ್ ಮಾಡಿದರು. 2013ರ ವಸಂತದ ಪಂದ್ಯಾವಳಿಯಲ್ಲಿ ಹದಿನಾರರ ಹುಡುಗನೊಬ್ಬ ಒಟ್ಟು 772 ಪಿಚ್ ಮಾಡಿದಾಗ ಜಗತ್ತಿನೆಲ್ಲೆಡೆ ಚರ್ಚೆಯೆದ್ದಿತು. 2020ರಿಂದ ಅಲ್ಲಿನ ಪ್ರೌಢಶಾಲಾ ಒಕ್ಕೂಟ ವಾರಕ್ಕೆ 500 ಪಿಚ್‌ಗಳ ಮಿತಿಯನ್ನು ಜಾರಿಗೆ ತಂದಿದೆ. ನಮ್ಮಲ್ಲಿ ಪಂದ್ಯಗಳು ಅಷ್ಟಿಲ್ಲ ಎಂಬುದು ನೆಮ್ಮದಿಯ ವಿಷಯವಲ್ಲ. ತಿಂಗಳುಗಟ್ಟಲೆ ಪಿಚ್ ಮಾಡದ ತೋಳಿಗೆ ಹದಿನೈದು ದಿನಗಳಲ್ಲಿ ಒಮ್ಮೆಲೇ ಹೊರೆ ಏರಿಸುವುದು ಅಷ್ಟೇ ಅಪಾಯಕರ. ಪಂದ್ಯದ ಪಿಚ್‌ಗಳ ಜೊತೆ ಅಭ್ಯಾಸದ ಎಸೆತ, ಫೀಲ್ಡಿಂಗ್‌ನ ಎಸೆತ, ಮನೆ ಹತ್ತಿರದ ಕ್ರಿಕೆಟ್ ಎಲ್ಲವನ್ನೂ ಕೂಡಿಸಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ತಂಡದ ಹುಡುಗನೊಬ್ಬನಿಗೆ ವಹಿಸಿದರೆ ಸಾಕು, ಹಣದ ಖರ್ಚೇನೂ ಇಲ್ಲ.

ಭುಜದ ವಿಷಯ ಮೊಣಕೈಗಿಂತ ತೊಡಕಿನದು. ಭುಜದ ಕೀಲಿನಲ್ಲಿ ತೋಳಿನ ಮೂಳೆಯ ದುಂಡುತಲೆ ಆಳವಿಲ್ಲದ ಗುಳಿಯಲ್ಲಿ ಕುಳಿತಿರುತ್ತದೆ. ಅದನ್ನು ನಡುವೆ ಹಿಡಿದಿಡುವುದು ಆವರ್ತಕ ಪಟ್ಟಿ ಎನ್ನಿಸಿಕೊಂಡ ನಾಲ್ಕು ಸಣ್ಣ ಸ್ನಾಯುಗಳು ಮತ್ತು ಗುಳಿಯ ಅಂಚಿಗಿರುವ ಮೃದ್ವಸ್ಥಿಯ ಉಂಗುರ. ಚೆಂಡು ಕೈಬಿಟ್ಟ ಮೇಲೆ ತೋಳನ್ನು ನಿಲ್ಲಿಸಬೇಕಲ್ಲ, ಆ ಗಳಿಗೆಯಲ್ಲಿ ತೋಳನ್ನು ಕೀಲಿನಿಂದ ಹೊರಕ್ಕೆ ಸೆಳೆಯುವ ಬಲ ವಯಸ್ಕ ಪಿಚರನ ದೇಹತೂಕಕ್ಕೆ ಸಮನಾಗಬಲ್ಲದು. ಭುಜದ ಹಿಂಬದಿಯ ಸ್ನಾಯುಗಳು ಅದನ್ನು ಪ್ರತಿ ಸಲವೂ ತಡೆಯುತ್ತವೆ, ಸವೆಯುತ್ತವೆ, ಬಿಗಿಯುತ್ತವೆ. ವರ್ಷಗಳ ಕಾಲ ಎಸೆದವರ ಭುಜ ಹೊರಕ್ಕೆ ಹೆಚ್ಚು ತಿರುಗುತ್ತದೆ, ಒಳಕ್ಕೆ ಕಡಿಮೆ ತಿರುಗುತ್ತದೆ. ಒಂದು ಮಿತಿಯವರೆಗೆ ಇದು ಹೊಂದಾಣಿಕೆ, ಒಟ್ಟು ತಿರುವೇ ಕುಗ್ಗಿದರೆ ಗಾಯಕ್ಕೆ ದಾರಿ. ಆವರ್ತಕ ಪಟ್ಟಿಯ ಉರಿಯೂತ, ಅದು ಭಾಗಶಃ ಹರಿಯುವುದು, ಮೃದ್ವಸ್ಥಿಯ ಉಂಗುರ ಮೇಲ್ಭಾಗದಲ್ಲಿ ಕಿತ್ತುಬರುವುದು ಇವೇ ಭುಜದ ಸಾಮಾನ್ಯ ಗಾಯಗಳು. ಉಂಗುರದ ಶಸ್ತ್ರಚಿಕಿತ್ಸೆಯ ನಂತರ ಪಿಚರುಗಳು ಹಿಂದಿನ ಮಟ್ಟಕ್ಕೆ ಮರಳುವುದು ಮೊಣಕೈಯಷ್ಟು ಭರವಸೆಯದಲ್ಲ, ಆದ್ದರಿಂದ ವೈದ್ಯರು ಮೊದಲು ವ್ಯಾಯಾಮವನ್ನೇ ನೆಚ್ಚುತ್ತಾರೆ. ಕಾಲು, ಸೊಂಟ, ಹೊಟ್ಟೆಯ ಸ್ನಾಯುಗಳನ್ನು ಬಲಪಡಿಸುವುದೂ ಭುಜದ ಚಿಕಿತ್ಸೆಯೇ. ಎಸೆತದ ಶಕ್ತಿಯ ದೊಡ್ಡ ಪಾಲು ಕೆಳಗಿನಿಂದ ಬರಬೇಕು, ಬಾರದಿದ್ದರೆ ಆ ಕೊರತೆಯನ್ನು ತೋಳು ತುಂಬುತ್ತದೆ.

ಬ್ಯಾಟರನ ಗಾಯಗಳಲ್ಲಿ ಮೋಸಗೊಳಿಸುವಂಥದ್ದು ಅಂಗೈಯದು. ಬ್ಯಾಟಿನ ಹಿಡಿಯ ತುದಿಯ ಗುಬುಟು ಕೆಳಗಿನ ಕೈಯ ಕಿರುಬೆರಳಿನ ಬದಿಯ ಅಂಗೈಗೆ ಒತ್ತಿಕೊಂಡಿರುತ್ತದೆ. ಬಲವಾಗಿ ಬೀಸಿದಾಗ ಅಲ್ಲಿರುವ ಪುಟ್ಟ ಮೂಳೆಯ ಕೊಕ್ಕೆಯಂಥ ಭಾಗ ಮುರಿಯಬಹುದು. ಮಾಮೂಲಿ ಎಕ್ಸ್‌ರೇಯಲ್ಲಿ ಇದು ತಪ್ಪಿಹೋಗುವುದು ಹೆಚ್ಚು, ಸಿಟಿ ಸ್ಕ್ಯಾನ್ ಬೇಕಾಗುತ್ತದೆ. ಬೀಸುವ ರಭಸಕ್ಕೆ ಪಕ್ಕೆಯ ಸ್ನಾಯು ಹಿಡಿದುಕೊಳ್ಳುವುದೂ ಉಂಟು. ಚೆಂಡು ಬೆರಳಿನ ತುದಿಗೆ ನೇರ ಬಡಿದು ತುದಿಗೆಣ್ಣು ಕೆಳಕ್ಕೆ ಜೋತುಬಿದ್ದರೆ ಅದನ್ನು ನೀವಿ ನೆಟ್ಟಗೆ ಮಾಡಲು ಹೋಗಬಾರದು. ಬೆರಳನ್ನು ನೇರವಾಗಿಡುವ ಪಟ್ಟಿಯನ್ನು ಆರರಿಂದ ಎಂಟು ವಾರ, ಸ್ನಾನದ ಹೊತ್ತಿನಲ್ಲೂ ಬೆರಳು ಬಾಗದಂತೆ, ಇಟ್ಟುಕೊಳ್ಳಬೇಕು.

ಓಟದಲ್ಲಿ ತೊಡೆಯ ಹಿಂಬದಿಯ ಸ್ನಾಯು ಹಿಡಿಯುವುದು, ಓಟಗಾರ ಮುಟ್ಟಬೇಕಾದ ಬೇಸ್‌ಗೆ ಜಾರುವಾಗ ಪಾದದ ಕೀಲು ಉಳುಕುವುದು ಸರ್ವೇಸಾಮಾನ್ಯ. ನೆಲಕ್ಕೆ ಬಿಗಿಯಾಗಿ ಹೂತ ಬೇಸ್‌ಗಳ ಬದಲು ಬಡಿದರೆ ಕಳಚಿಕೊಳ್ಳುವ ಬೇಸ್‌ಗಳನ್ನು ಬಳಸಿ ಮಿಚಿಗನ್‌ನಲ್ಲಿ 1980ರ ದಶಕದಲ್ಲಿ ನಡೆಸಿದ ಸಾಫ್ಟ್‌ಬಾಲ್ ಅಧ್ಯಯನದಲ್ಲಿ ಜಾರುವಿಕೆಯ ಗಾಯಗಳು ಶೇಕಡಾ 90ಕ್ಕೂ ಹೆಚ್ಚು ಇಳಿದವು. ಅಂಥ ಬೇಸ್ ಸಿಗದಿದ್ದರೆ ಅಭ್ಯಾಸಕ್ಕೆ ತೆಳುವಾದ ರಬ್ಬರ್ ಮ್ಯಾಟ್ ಸಾಕು. ನಮ್ಮ ಮುರಮಣ್ಣಿನ ನೆಲದಲ್ಲಿ ಜಾರುವುದನ್ನು ಕಲಿಸಲೇಬಾರದು ಎಂದು ನಾನು ಹೇಳುತ್ತೇನೆ: ಹರಳುಕಲ್ಲು ಚರ್ಮದೊಳಗೆ ಉಳಿಯುತ್ತದೆ, ಸೋಪು ನೀರಿನಿಂದ ತಿಕ್ಕಿ ತೊಳೆಯದಿದ್ದರೆ ಕೀವಾಗುತ್ತದೆ, ಟೆಟನಸ್ ಚುಚ್ಚುಮದ್ದಿನ ಅವಧಿ ಮೀರಿದ್ದರೆ ಅದನ್ನೂ ಕೊಡಿಸಬೇಕು. ಆ ನೆಲದಲ್ಲಿ ಚೆಂಡು ಅಡ್ಡಾದಿಡ್ಡಿ ಪುಟಿದು ಮುಖಕ್ಕೆ ಬರುವುದರಿಂದ ಕಣ್ಣಿನ ಗಾಯದ ಭಯವೂ ಇದೆ.

ಹೆಲ್ಮೆಟ್ ಇಲ್ಲದೆ ಯಾರನ್ನೂ ಬ್ಯಾಟಿಂಗ್‌ಗೆ ಕಳುಹಿಸಬಾರದು ಎಂಬುದರಲ್ಲಿ ರಿಯಾಯಿತಿಯೇ ಇಲ್ಲ. 1920ರ ಆಗಸ್ಟ್‌ನಲ್ಲಿ ಕ್ಲೀವ್‌ಲ್ಯಾಂಡ್ ತಂಡದ ರೇ ಚಾಪ್‌ಮನ್ ತಲೆಗೆ ಚೆಂಡು ಬಡಿದು ಮರುದಿನ ತೀರಿಕೊಂಡರು. ಮೇಜರ್ ಲೀಗಿನಲ್ಲಿ ಹೆಲ್ಮೆಟ್ ಕಡ್ಡಾಯವಾದದ್ದು 1971ರಲ್ಲಿ. ತಲೆಗೆ ಏಟು ಬಿದ್ದ ಮಗು ಮಂಕಾಗಿದ್ದರೆ, ವಾಂತಿ ಮಾಡಿದರೆ, ಕೇಳಿದ್ದನ್ನೇ ಮತ್ತೆ ಕೇಳಿದರೆ ಆ ದಿನ ಆಟ ಮುಗಿಯಿತು, ಆಸ್ಪತ್ರೆಗೆ ಒಯ್ಯಬೇಕು. ಇದಕ್ಕಿಂತ ಅಪರೂಪವಾದ, ಆದರೆ ಶಿಕ್ಷಕರು ತಿಳಿದಿರಲೇಬೇಕಾದ ಒಂದು ಅಪಾಯ ಎದೆಯದು. ಹೃದಯ ಬಡಿತದ ಒಂದು ನಿರ್ದಿಷ್ಟ ಕ್ಷಣಾರ್ಧದಲ್ಲಿ ಚೆಂಡು ಎದೆಯ ನಡುವಿಗೆ ಬಡಿದರೆ, ಪಕ್ಕೆಲುಬು ಮುರಿಯದೆಯೇ, ಹೃದಯದ ಲಯ ತಪ್ಪಿ ಮಗು ಕುಸಿದುಬೀಳಬಹುದು. ಎದೆಗೂಡು ಇನ್ನೂ ಗಟ್ಟಿಯಾಗದ ಹದಿಹರೆಯದ ಹುಡುಗರಲ್ಲಿ ಇದು ಹೆಚ್ಚು. ಕುಸಿದವನಿಗೆ ಪ್ರಜ್ಞೆಯಿಲ್ಲ, ಸಹಜ ಉಸಿರಾಟವಿಲ್ಲ ಎಂದಾದರೆ ನೀರು ಚಿಮುಕಿಸುತ್ತ ಕೂರದೆ, 108ಕ್ಕೆ ಕರೆ ಮಾಡಿಸಿ, ಎದೆಯ ನಡುವೆ ಎರಡೂ ಅಂಗೈ ಊರಿ ನಿಮಿಷಕ್ಕೆ 100ರಿಂದ 120ರಷ್ಟು ವೇಗದಲ್ಲಿ ಒತ್ತತೊಡಗಬೇಕು. ವಿದ್ಯುತ್ ಆಘಾತ ಕೊಟ್ಟು ಹೃದಯದ ಲಯ ಸರಿಪಡಿಸುವ ಎಇಡಿ ಯಂತ್ರ ಹತ್ತಿರವಿದ್ದರೆ ತರಿಸಬೇಕು. ಇಲ್ಲಿ ನಿಮಿಷಗಳೇ ಜೀವ.

ಉಳುಕು, ಸ್ನಾಯು ಸೆಳೆತಗಳಿಗೆ ನಮ್ಮಲ್ಲಿ ಮೊದಲು ಕೈಗೆ ಬರುವುದು ಮುರಿವೆಣ್ಣ. ಎಣ್ಣೆಯ ಬಗ್ಗೆ ನನಗೆ ತಕರಾರಿಲ್ಲ, ತಿಕ್ಕುವುದರ ಬಗ್ಗೆ ಇದೆ. ಗಾಯವಾದ ಮೊದಲ ಎರಡು ಮೂರು ದಿನ ಒಳಗೆ ರಕ್ತಸ್ರಾವ, ಊತ ಇರುವಾಗ ಬಲವಾಗಿ ನೀವಿದರೆ ಅದು ಹೆಚ್ಚಾಗುತ್ತದೆ. ಆಗ ಬಟ್ಟೆಯಲ್ಲಿ ಸುತ್ತಿದ ಐಸನ್ನು ಹದಿನೈದು ಇಪ್ಪತ್ತು ನಿಮಿಷ ಇಡುವುದು, ಪಟ್ಟಿ ಕಟ್ಟುವುದು, ಎತ್ತರದಲ್ಲಿ ಇಡುವುದು ಸಾಕು. ಎರಡು ವಾರ ಕಳೆದರೂ ಎಸೆಯುವಾಗ ನೋವು ಮರಳುತ್ತಿದ್ದರೆ ಮೂಳೆ ವೈದ್ಯರಿಗೆ ತೋರಿಸಿ. ಅವರು ಹೇಳಿದರೆ ಎಂಆರ್‌ಐಗಾಗಿ ಮಂಗಳೂರಿಗೆ ಹೋಗಬೇಕಾಗಿ ಬಂದರೂ ಮುಂದೂಡಬಾರದು. ನೋವಿನ ಮಾತ್ರೆ ನುಂಗಿಸಿ ಮಕ್ಕಳನ್ನು ಪಂದ್ಯಕ್ಕಿಳಿಸುವುದು ಅಪಾಯದ ಎಚ್ಚರಿಕೆಯನ್ನೇ ಅಳಿಸಿದಂತೆ.

ಗುಣವಾದ ಮೇಲೆ ಎಸೆತಕ್ಕೆ ಮರಳುವುದಕ್ಕೂ ಒಂದು ಕ್ರಮವಿದೆ. ಮೊಣಕೈ, ಭುಜಗಳು ನೋವಿಲ್ಲದೆ ಪೂರ್ತಿ ಚಲಿಸುವಂತಾದ ಬಳಿಕ, ದಿನ ಬಿಟ್ಟು ದಿನ, ಮೊದಲು ಸುಮಾರು 14 ಮೀಟರ್ ದೂರದಿಂದ ಮೆಲ್ಲನೆಯ ಎಸೆತ. ನೋವಿಲ್ಲದಿದ್ದರೆ 18 ಮೀಟರ್, ಆಮೇಲೆ 27, ಆಮೇಲೆ 37. ಎಲ್ಲಿ ನೋವು ಬಂತೋ ಅಲ್ಲಿಂದ ಒಂದು ಹಂತ ಹಿಂದಕ್ಕೆ. ಇವೆಲ್ಲ ಸಮತಟ್ಟು ನೆಲದಲ್ಲಿ ಮುಗಿದ ಮೇಲೆಯೇ ದಿಬ್ಬದ ಮೇಲಿಂದ ಅರ್ಧ ಬಲದ ಪಿಚ್, ಕೊನೆಗೆ ಬ್ಯಾಟರ್ ಎದುರಿನ ಪಿಚ್. ವಿರಾಮ ಮುಗಿಸಿ ಬಂದ ಮಗುವಿಗೆ ಈ ಪೂರ್ತಿ ಸುತ್ತಿಗೆ ಆರರಿಂದ ಎಂಟು ವಾರ ಬೇಕಾಗಬಹುದು. ಜಿಲ್ಲಾ ಪಂದ್ಯ ಅದಕ್ಕೂ ಮುಂಚೆ ಬಂದರೆ, ವೈದ್ಯರು ಒಪ್ಪಿದ ಮೇಲೆ ಅವನನ್ನು ಎಸೆತ ಕಡಿಮೆಯಿರುವ ಮೊದಲ ಬೇಸ್‌ನಲ್ಲಿ ನಿಲ್ಲಿಸಬಹುದು, ಬ್ಯಾಟ್ ಮಾಡಿಸಬಹುದು. ದಿಬ್ಬ ಹತ್ತಿಸುವಂತಿಲ್ಲ, ಬ್ಯಾಟರ್ ಹಿಂದೆ ಚೆಂಡು ಹಿಡಿಯುತ್ತ, ಪಿಚರನಷ್ಟೇ ಬಲವಾಗಿ ಎಸೆಯಬೇಕಾದ ಕ್ಯಾಚರನ ಜಾಗವನ್ನೂ ಕೊಡುವಂತಿಲ್ಲ.